ಅಮ್ಮನ ಟಿವಿಗೆ ಕೋಡಿ ಹಾಕಿದ್ದು

ಮಂಡ್ಯದಲ್ಲಿ ಅಮ್ಮನ ಮನೆ ಟಿವಿ ಆಪ್ ಸ್ಟೋರಲ್ಲಿ ಕೋಡಿ ಅನ್ನೋ ವಿಡಿಯೋ ಪ್ಲೇಯರ್ ಹುಡುಕಿದ್ರೆ ಬರ್ಲೇ ಇಲ್ಲ, ನನ್ ಲ್ಯಾಪ್‌ಟಾಪಲ್ಲಿರೋ ತಂಗಿ ಮದ್ವೆ ವಿಡಿಯೋ ವೈಫೈಯಲ್ಲೇ ದೊಡ್ ಸ್ಕ್ರೀನಲ್ಲಿ ಬರ್ಬೇಕು ಅಂತ ನಂಗೆ ಹಠ, ಅದಕ್ಕೆ ಆಪ್ ಇನ್‌ಸ್ಟಾಲ್ ಮಾಡೋ ಎಪಿಕೆ ಫೈಲ್ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋದೆ.

ಮೊದಲ್ನೇ ಸಲ ಇನ್‌ಸ್ಟಾಲ್ ಆಗ್ಲಿಲ್ಲ. ಅರ್ಧ ಗಂಟೆ ತಲೆ ಕೆಡಿಸ್ಕೊಂಡ್ಮೇಲೆ ಗೊತ್ತಾಯ್ತು, ನಾನ್ ತಂದಿದ್ದು 64 ಬಿಟ್ ಫೈಲು, ಟಿವಿಲಿರೋ ಆಂಡ್ರಾಯ್ಡ್ 32 ಬಿಟ್‌ದು, ಅದ್ರಲ್ಲಿ 64 ಬಿಟ್ ಫೈಲ್ ಓಡಲ್ಲ. ಚಿಪ್ 64 ಬಿಟ್ ಇದ್ರೂ ಎಷ್ಟೋ ಟಿವಿಗಳಲ್ಲಿ 32 ಬಿಟ್ ಸಿಸ್ಟಮ್ಮೇ ಹಾಕಿರ್ತಾರೆ, ಹಂಗಾಗಿ ಕೋಡಿ ಅವ್ರ ಸ್ವಂತ ಸೈಟಿಂದ್ಲೇ 32 ಬಿಟ್ ಅಂತ ಇರೋದನ್ನ ಇಳಿಸ್ಕೊಳ್ಳಿ. ಫೈಲ್ ಮ್ಯಾನೇಜರ್‌ಗೆ ಅನ್‌ನೋನ್ ಸೋರ್ಸಸ್ ಪರ್ಮಿಷನ್ (ಸ್ಟೋರ್ ಬಿಟ್ಟು ಹೊರಗಿನ ಆಪ್ ಹಾಕೋಕೆ ಅನುಮತಿ) ಕೊಡಿ, ಕೆಲ್ಸ ಮುಗೀತಿದ್ದಂಗೆ ಮರೀದೆ ವಾಪಸ್ ಆಫ್ ಮಾಡಿ, ಇದ್ರಲ್ಲಿ ಮಾತ್ರ ಅಸಡ್ಡೆ ಬೇಡ. ಎಲ್ಲಾ ಸಿನಿಮಾ ಫ್ರೀ ಅಂತ ಸಿಕ್‌ಸಿಕ್ಕಿದ್ ಕಡೆಯಿಂದ ಆಪ್ ಹಾಕೋದಂತೂ ಬೇಡ್ವೇ ಬೇಡ, ಕೋಡಿ ಬರೀ ಪ್ಲೇಯರ್ರು, ನಮ್ ವಿಡಿಯೋ ನಾವೇ ತೋರಿಸ್ಬೇಕು.

ಲ್ಯಾಪ್‌ಟಾಪ್ ಫೋಲ್ಡರ್ ಶೇರ್ ಮಾಡಿ ಕನೆಕ್ಟ್ ಮಾಡ್ದೆ. "ಕೋಡಿ ಅಂದ್ರೆ ಕೆರೆ ಕೋಡಿ ಬೀಳೋದಲ್ವೇನೋ ಮಗ" ಅಂತಿದ್ದ ಅಮ್ಮ, ಧಾರೆ ಹೊತ್ತಿನ ವಿಡಿಯೋಲಿ, ಈಗ ತೀರ್ಕೊಂಡಿರೋ ಅಜ್ಜಿ ಮುಖ ಕಂಡಿದ್ದೇ ರಿಮೋಟ್ ಇಸ್ಕೊಂಡು ಅಲ್ಲೇ ನಿಲ್ಸುದ್ರು.