ನಾಲ್ಕನೆಯ ಮನೆ

ಐದನೆಯ ತರಗತಿಯ ಮೊದಲ ವಾರದಲ್ಲೇ ಮುಂಬಯಿಯ ನಮ್ಮ ಕನ್ನಡ ಮಾಧ್ಯಮ ಶಾಲೆಯ ಕನ್ನಡ ಟೀಚರ್ ಎಲ್ಲರಿಂದಲೂ ಇನ್ನೂರು ಪುಟದ ನೋಟ್‌ಬುಕ್ ತರಿಸಿ, ಸ್ಕೇಲು ಹಿಡಿಸಿ ಗೆರೆ ಎಳೆಸಿ, ಪ್ರತಿ ಪುಟದಲ್ಲೂ ಮೂರು ಮನೆ ಮಾಡಿಸಿದ್ದರು. ಮೊದಲ ಮನೆಗೆ ಕನ್ನಡ, ಎರಡನೆಯದಕ್ಕೆ ಮರಾಠಿ, ಮೂರನೆಯದಕ್ಕೆ ಇಂಗ್ಲಿಷ್. ದಿನಕ್ಕೆ ಐದು ಪದ ಬರೆಯಬೇಕಿತ್ತು; ಪುಸ್ತಕದಿಂದ ಆರಿಸಿದ ಪದಗಳಾದರೆ ಅವರು ಒಪ್ಪುತ್ತಿರಲಿಲ್ಲ. ಲೋಕಲ್ ಟ್ರೇನಿನಲ್ಲಿ, ಭಾಜಿ ಮಾರ್ಕೆಟಿನಲ್ಲಿ, ಚಾಳಿನ, ಅಂದರೆ ನಮ್ಮ ವಠಾರದ, ನಲ್ಲಿಯ ಹತ್ತಿರ ಕಿವಿಗೆ ಬಿದ್ದ ಪದಗಳೇ ಆಗಬೇಕು. ಸ್ಟಾಫ್ ರೂಮಿನ ಕಪಾಟಿನಲ್ಲಿದ್ದ ಕಿಟೆಲ್ ನಿಘಂಟನ್ನು ಎರಡು ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟು, 1853ರಲ್ಲಿ ನಮ್ಮ ದೇಶಕ್ಕೆ ಬಂದ ಜರ್ಮನ್ ಪಾದ್ರಿಯೊಬ್ಬರು ಜನರ ಬಾಯಿಂದಲೂ ಹಳೆಯ ಕಾವ್ಯಗಳಿಂದಲೂ ಪದ ಕೂಡಿಸಿ, 1894ರಲ್ಲಿ ಸುಮಾರು 70,000 ಪದಗಳ ಈ ಕೋಶವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರೆಂದು ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಪಾದ್ರಿಯ ದೇಶಕ್ಕೆ ನಾನೇ ಒಂದು ದಿನ ಹೋಗುತ್ತೇನೆಂಬ ಕಲ್ಪನೆ ಭಾಂಡುಪಿನ ಚಾಳಿನಲ್ಲಿ ಬೆಳೆಯುತ್ತಿದ್ದ ನನಗಾಗಲೀ ಫೋರ್ಟಿನ ಕ್ಯಾಂಟೀನೊಂದರಲ್ಲಿ ಕೆಲಸ ಮಾಡುತ್ತಿದ್ದ ಅಪ್ಪನಿಗಾಗಲೀ ಇರಲಿಲ್ಲ.

2018ರ ಅಕ್ಟೋಬರಿನಲ್ಲಿ, ಪದವಿಯ ಕೊನೆಯ ವರ್ಷ, ವಿದ್ಯಾರ್ಥಿ ವಿನಿಮಯದ ಮೇಲೆ ಒಂದು ಸೆಮಿಸ್ಟರಿನ ಮಟ್ಟಿಗೆ ನಾನು ಬರ್ಲಿನ್ನಿಗೆ ಹೋದೆ. ಅರ್ಜಿ, ವೀಸಾ, ವಿದ್ಯಾರ್ಥಿವೇತನಗಳ ಓಡಾಟವನ್ನು ಇಲ್ಲಿ ಬರೆಯುವುದಿಲ್ಲ; ಹೋಗಬಯಸುವವರು ಕೇಳಿದರೆ ಸಂತೋಷದಿಂದ ಹೇಳುತ್ತೇನೆ. ದೊಡ್ಡ ಊರೆಂಬ ಭಯ ನನಗೆ ಇರಲಿಲ್ಲ. ಸಂಜೆ ಆರೂವರೆಯ ದಾದರ್ ಸ್ಟೇಷನ್ನಿನಲ್ಲಿ ಹತ್ತಿ ಇಳಿದು ಅಭ್ಯಾಸವಾದವರಿಗೆ ಬರ್ಲಿನ್ನಿನ ಮೆಟ್ರೋ ಬಹಳ ಸಮಾಧಾನದ್ದಾಗಿ ಕಾಣುತ್ತದೆ. ಕಷ್ಟವಾದದ್ದು ಮಾತು. ವಿಶ್ವವಿದ್ಯಾಲಯದ ಪಾಠಗಳು ಇಂಗ್ಲಿಷಿನಲ್ಲಿದ್ದವು, ಆದರೆ ಬಾಗಿಲಿನಿಂದ ಆಚೆಗಿನದೆಲ್ಲ ಜರ್ಮನ್ ಆಗಿತ್ತು.

ಅಲ್ಲಿ ಮನೆ ಹಿಡಿದವರು ಎರಡು ವಾರದೊಳಗೆ ತಮ್ಮ ವಿಳಾಸವನ್ನು ನಾಗರಿಕ ಕಚೇರಿಯಲ್ಲಿ ನೋಂದಾಯಿಸಬೇಕು. ನಮ್ಮ ವಾರ್ಡ್ ಆಫೀಸಿನಂತಹ ಆ ಕಚೇರಿಗೆ ನಾನು ಎರಡು ಸಲ ಹೋಗಬೇಕಾಯಿತು, ಏಕೆಂದರೆ ಮೊದಲ ಸಲ ಮನೆ ಕೊಟ್ಟವರ ಸಹಿಯ ಪತ್ರವನ್ನು ಒಯ್ಯದೆ ಹೋಗಿದ್ದೆ. ಎರಡನೆಯ ಸಲ ಸರದಿಗಾಗಿ ಕಾಯುತ್ತಾ ಕೂತಾಗ ಫಾರಂ ಅನ್ನು ಸಾಲು ಸಾಲಾಗಿ ಓದಿದೆ. ಒಂದೇ ಪದ ನಾನಾ ರೂಪದಲ್ಲಿ ಅಲ್ಲಿ ಮತ್ತೆ ಮತ್ತೆ ಬರುತ್ತಿತ್ತು: 'ವೋನೆನ್', ಅಂದರೆ ವಾಸವಾಗಿರು. ಚೀಲದಲ್ಲಿದ್ದ ಹೊಸ ನೋಟ್‌ಬುಕ್ ತೆಗೆದು, ಐದನೆಯ ತರಗತಿಯಲ್ಲಿ ಎಳೆದ ಹಾಗೆಯೇ ಗೆರೆ ಎಳೆದು, ಈ ಸಲ ನಾಲ್ಕು ಮನೆ ಮಾಡಿದೆ. ಕನ್ನಡದ ಮನೆಯಲ್ಲಿ 'ಇರು', ಮರಾಠಿಯದರಲ್ಲಿ 'ರಾಹಣೆ', ಇಂಗ್ಲಿಷಿನ ಪದ, ಕೊನೆಯ ಮನೆಯಲ್ಲಿ 'ವೋನೆನ್'. ನನ್ನ ಜರ್ಮನ್ ಕಲಿಕೆ ಆರಂಭವಾದದ್ದು ಆ ಬೆಂಚಿನ ಮೇಲೆ.

ವಾರಕ್ಕೆ ಎರಡು ಸಂಜೆ ನಡೆಯುತ್ತಿದ್ದ ಭಾಷಾ ತರಗತಿಯಲ್ಲಿ ನನಗೊಂದು ಸಂಗತಿ ತಿಳಿಯಿತು, ಇದನ್ನು ಈಗ ನಮ್ಮ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗಾಗಿಯೇ ವಿವರವಾಗಿ ಬರೆಯುತ್ತಿದ್ದೇನೆ. ಇಂಗ್ಲಿಷೊಂದನ್ನೇ ಬಲ್ಲ ಸಹಪಾಠಿಗಳಿಗೆ ಜರ್ಮನ್ನಿನಲ್ಲಿ ಯಾವುದು ಯಾವುದು ಗೋಡೆಯಂತೆ ಅಡ್ಡ ಬರುತ್ತಿತ್ತೋ ಅವುಗಳಲ್ಲಿ ಹಲವು ನನಗೆ ಹಳೆಯ ಪರಿಚಯದವೇ ಆಗಿದ್ದವು. ಜರ್ಮನ್ನಿನಲ್ಲಿ ಇಪ್ಪತ್ತೊಂದನ್ನು 'ಒಂದು ಮತ್ತು ಇಪ್ಪತ್ತು' ಎಂದು ಹೇಳುತ್ತಾರೆ. ಮರಾಠಿಯ 'ಏಕವೀಸ' ಬಲ್ಲವರಿಗೆ ಇದರಲ್ಲಿ ಹೊಸತೇನಿದೆ? ಜೀವವಿಲ್ಲದ ವಸ್ತುಗಳಿಗೂ ಮೂರು ಲಿಂಗಗಳನ್ನು ಹಂಚುವ ಅಭ್ಯಾಸ ಮರಾಠಿಗೂ ಇದೆ. 'ಏಕೆಂದರೆ' ಎಂಬರ್ಥದ 'ವೈಲ್' ಬಂದೊಡನೆ ಆ ಉಪವಾಕ್ಯದ ಕ್ರಿಯಾಪದ ಕೊನೆಗೆ ಸರಿಯುತ್ತದೆ, ಕ್ರಿಯಾಪದಕ್ಕಾಗಿ ವಾಕ್ಯದ ತುದಿಯವರೆಗೆ ಕಾಯುವುದು ಕನ್ನಡದವರಿಗೆ ಹುಟ್ಟಿನಿಂದಲೇ ಬಂದದ್ದು. ಹಿರಿಯರಿಗೆ 'ಝೀ', ಗೆಳೆಯರಿಗೆ 'ದು' ಎನ್ನುವಲ್ಲಿ ನಮ್ಮ ನೀವು, ನೀನುಗಳೇ ಇದ್ದವು. ಹುಡುಗಿ ಎಂಬ ಪದ ಜರ್ಮನ್ನಿನಲ್ಲಿ ನಪುಂಸಕಲಿಂಗವೆಂದು ಶಿಕ್ಷಕಿ ಹೇಳಿದಾಗ ತರಗತಿಯೆಲ್ಲ ಆಶ್ಚರ್ಯಪಟ್ಟಿತು. ನನ್ನ ಕಿವಿಯಲ್ಲಿ ಮಾತ್ರ, ಬೇಸಿಗೆ ರಜೆಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಿಂದ ಇಳಿದು ಮನೆಯಂಗಳಕ್ಕೆ ಕಾಲಿಟ್ಟಾಗಲೆಲ್ಲ ಕುಂದಾಪುರದ ಅಮ್ಮಮ್ಮ "ಹೆಣ್ಣ್ ಬಂತ್ ಕಾಣಿ" ಎಂದು ಒಳಗೆ ಕೂಗಿ ಹೇಳುತ್ತಿದ್ದ ದನಿ ಕೇಳಿಸಿತು.

ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂಬಯಿಯಲ್ಲೇ ಹಿಂದೆ ಬೀಳುತ್ತಾರೆ, ಇನ್ನು ಹೊರಗೆ ಹೋಗುವುದೆಲ್ಲಿ ಎಂದು ನಮ್ಮ ಚಾಳಿನಲ್ಲಿ ಅನೇಕರು ಅಪ್ಪನಿಗೆ ಹೇಳಿದ್ದರು. ಅವರ ಮಾತು ನನ್ನ ಮಟ್ಟಿಗೆ ನಿಜವಾಗಲಿಲ್ಲ. ಮನೆಯಲ್ಲಿ ಕುಂದಗನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಅಂಗಡಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಎಂದು ದಿನವೂ ಭಾಷೆ ಬದಲಿಸುತ್ತ ಬೆಳೆದವರಿಗೆ ಐದನೆಯ ಭಾಷೆಯ ಎದುರು ತಪ್ಪಾಗಿ ಮಾತನಾಡಲು ನಾಚಿಕೆಯಾಗುವುದಿಲ್ಲ, ಇದೇ ಅರ್ಧ ಕಲಿಕೆ.

ನಾನಿದ್ದ ನೊಯ್‌ಕೋಲ್ನ್ ಪ್ರದೇಶದಲ್ಲಿ ತುರ್ಕಿ ಮೂಲದವರ ಅಂಗಡಿಗಳು ಬಹಳ. ಪಶ್ಚಿಮ ಜರ್ಮನಿಯು 1961ರಲ್ಲಿ ತುರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡಿತು. ಸ್ವಲ್ಪ ಕಾಲ ದುಡಿದು ಹಿಂತಿರುಗುತ್ತಾರೆಂದು ಎರಡೂ ಕಡೆಯವರು ಎಣಿಸಿದ್ದರೂ ಬಹಳ ಜನ ಅಲ್ಲಿಯೇ ನೆಲೆಯೂರಿದರು. ಹಸಿಮೆಣಸು, ಕೊತ್ತಂಬರಿ ಸೊಪ್ಪು ಸಿಗುತ್ತದೆಂದು ನಾನು ಹೋಗುತ್ತಿದ್ದ ಅಂಗಡಿಯ ಯಜಮಾನರಿಗೆ ಐವತ್ತರ ಆಸುಪಾಸು. ಎಲ್ಲಿಯವಳೆಂದು ಕೇಳಿದರು, ಮುಂಬಯಿ ಎಂದೆ. ನಾನೂ ತಿರುಗಿ ಕೇಳಿದಾಗ ಅವರು ತುರ್ಕಿಯ ಒಂದು ಹಳ್ಳಿಯ ಹೆಸರು ಹೇಳಿ, ಕೊತ್ತಂಬರಿಯ ಕಟ್ಟಿನಿಂದ ಹಳದಿ ಎಲೆಗಳನ್ನು ಒಂದೊಂದಾಗಿ ಕಿತ್ತು ತೆಗೆಯುತ್ತ, ತಾವು ಹುಟ್ಟಿದ್ದು ಮಾತ್ರ ಇದೇ ಬೀದಿಯಲ್ಲಿ ಎಂದರು. ಮುಂಬಯಿಯ ಕನ್ನಡಿಗರು ಇಬ್ಬರು ಭೇಟಿಯಾದರೆ ಮೊದಲು ಕೇಳುವುದು "ಊರಲ್ಲಿ ಎಲ್ಲಿ?" ಎಂದು. ಮುಂಬಯಿಯಲ್ಲೇ ಹುಟ್ಟಿದ ನಾನೂ ಆ ಪ್ರಶ್ನೆಗೆ ಕುಂದಾಪುರ ಎಂದೇ ಉತ್ತರಿಸುತ್ತ ಬಂದವಳು. ಅವರು ಹೇಳಿದ್ದರ ಅರ್ಥ ನನಗೆ ಪೂರ್ತಿಯಾಗಿ ಆಯಿತು. ನಮ್ಮ ಮಾತಿನಲ್ಲಿ 'ಇರುವುದು' ಬೇರೆ, 'ಊರು' ಬೇರೆ. ಆ ರಾತ್ರಿ 'ಊರು' ಎಂಬ ಪದದ ಎದುರಿಗೆ ಮರಾಠಿಯ ಮನೆಯಲ್ಲಿ 'ಗಾವ್' ಬರೆದೆ. ಇಂಗ್ಲಿಷಿನ, ಜರ್ಮನ್ನಿನ ಮನೆಗಳಿಗೆ ಒಪ್ಪುವ ಪದ ಹೊಳೆಯದೆ ಅವನ್ನು ಖಾಲಿ ಬಿಟ್ಟೆ.

ನವೆಂಬರ್ 9ರ ಸಂಜೆಯನ್ನು ಮರೆಯಲಾರೆ. 1989ರಲ್ಲಿ ಬರ್ಲಿನ್ ಗೋಡೆ ತೆರೆದ ದಿನವೆಂದು ಮಾತ್ರ ಆ ತಾರೀಕು ನನಗೆ ಗೊತ್ತಿತ್ತು. ಕಾಲೇಜಿನಿಂದ ಹಿಂತಿರುಗುವಾಗ ನಮ್ಮ ಬೀದಿಯ ಕಾಲುದಾರಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಮೊಣಕಾಲೂರಿ ಕೂತು, ನೆಲದಲ್ಲಿ ಹುದುಗಿದ್ದ ಅಂಗೈಯಗಲದ ಹಿತ್ತಾಳೆಯ ಫಲಕವನ್ನು ಬಟ್ಟೆಯಿಂದ ತಿಕ್ಕುತ್ತಿದ್ದರು. ಕಪ್ಪಾಗಿದ್ದ ಹಿತ್ತಾಳೆ ಒಂದು ಮೂಲೆಯಿಂದ ಹೊಳಪಿಗೆ ಬರುತ್ತಿತ್ತು, ಪಕ್ಕದಲ್ಲಿ ಮೇಣದಬತ್ತಿ ಇತ್ತು. ನಾತ್ಸಿಗಳು ಎಳೆದೊಯ್ದು ಕೊಂದವರು ಕೊನೆಗೆ ತಮ್ಮಿಚ್ಛೆಯಿಂದ ವಾಸಿಸಿದ್ದ ಮನೆಗಳ ಮುಂದೆ, ಗುಂಟರ್ ಡೆಮ್ನಿಗ್ ಎಂಬ ಕಲಾವಿದರು ಆರಂಭಿಸಿದ ಯೋಜನೆಯಂತೆ ಹುಗಿಯುವ ನೆನಪಿನ ಕಲ್ಲು ಅದು. 1938ರ ಇದೇ ನವೆಂಬರ್ 9ರ ರಾತ್ರಿ ಯಹೂದಿಯರ ಅಂಗಡಿಗಳನ್ನೂ ಪ್ರಾರ್ಥನಾ ಮಂದಿರಗಳನ್ನೂ ಒಡೆದು ಸುಟ್ಟಿದ್ದರಿಂದ, ಪ್ರತಿವರ್ಷ ಆ ದಿನ ಅಲ್ಲಿನವರು ಈ ಕಲ್ಲುಗಳನ್ನು ಉಜ್ಜಿ ದೀಪವಿಡುತ್ತಾರೆ. ಬಾಗಿ ನೋಡಿದೆ. ಮೊದಲ ಸಾಲಿನಲ್ಲಿ 'ಹಿಯರ್ ವೋನ್ಟ' ಎಂದಿತ್ತು, ಇಲ್ಲಿ ವಾಸವಾಗಿದ್ದರು ಎಂದು. ಅದರ ಕೆಳಗೆ ಹೆಸರು, ಹುಟ್ಟಿದ ವರ್ಷ, ಒಯ್ದ ತಾರೀಕು. ಯಾರ ಸಹಾಯವೂ ಇಲ್ಲದೆ ನಾನು ಓದಿ ಅರ್ಥ ಮಾಡಿಕೊಂಡ ಮೊದಲ ಜರ್ಮನ್ ಬರಹ ಅದು. ಕಚೇರಿಯ ಬೆಂಚಿನ ಮೇಲೆ ನನ್ನ ವಿಳಾಸಕ್ಕಾಗಿ ಕಲಿತ ಪದವನ್ನು, ಭೂತಕಾಲದಲ್ಲಿ, ಇನ್ನೊಬ್ಬರ ಬಾಗಿಲ ಮುಂದೆ ಓದಿದಾಗ ನನ್ನ ಗಂಟಲು ಕಟ್ಟಿತು. ಆ ಹೆಂಗಸು ಇನ್ನೊಂದು ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಪಕ್ಕದ ಕಲ್ಲನ್ನು ನಾನು ಉಜ್ಜಿದೆ.

ಆಮೇಲೆ ಚಳಿ ಬಂತು, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತಿತ್ತು. ಜನವರಿಯಲ್ಲಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಕುರಿತು, ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಅಕ್ಷರ ಕಲಿತವರ ಕುರಿತು, ತರಗತಿಯಲ್ಲಿ ಪ್ರಬಂಧ ಮಂಡಿಸಿದೆ. ಮುಗಿದಾಗ ಎಲ್ಲರೂ ಅಲ್ಲಿನ ರೂಢಿಯಂತೆ ಬೆರಳ ಗಂಟುಗಳಿಂದ ಮೇಜನ್ನು ಕುಟ್ಟಿ ಮೆಚ್ಚುಗೆ ತಿಳಿಸಿದರು. ನನ್ನ ಅಪ್ಪ ಓದಿದ್ದೂ ಅಂಥದೊಂದು ಶಾಲೆಯಲ್ಲೇ ಎಂದು ನಾನು ಹೇಳಿದ್ದು ಅದಾದ ಮೇಲೆ.

ಮಾರ್ಚಿನಲ್ಲಿ ಹಿಂತಿರುಗಿದವಳು ಆ ವಾರವೇ ಶಾಲೆಗೆ ಹೋಗಿ ಟೀಚರ್ ಅವರಿಗೆ ನೋಟ್‌ಬುಕ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪುಟ ಪುಟವನ್ನೂ ನಿಧಾನವಾಗಿ ತಿರುವಿದರು. ಮೊದಲ ಮನೆಯಲ್ಲಿ ಒಂದು ಕಡೆ ಮಹಾಪ್ರಾಣ ತಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿದರು. 'ಊರು' ಬಂದಲ್ಲಿ ಕೈ ನಿಲ್ಲಿಸಿ, ಮುಂದಿನ ಖಾಲಿ ಮನೆಗಳನ್ನು ನೋಡಿದರು. "ಇದನ್ನು ತುಂಬಿಸಬೇಡ ಮಗಾ, ಹಾಗೇ ಇರಲಿ" ಎಂದು ಹೇಳಿ, ಪುಟದ ಕೆಳಗೆ ಸಹಿ ಮಾಡಿ ತಾರೀಕು ಹಾಕಿದರು.