‘ಐ5 ಇದೆ’ ಅಂದರೆ ಸಾಲದು

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸಿ, ರಿಪೇರಿ ಮಾಡಿಕೊಡುವುದು ನನ್ನ ಕೆಲಸ. ಮನೆಗೆ ಕಂಪ್ಯೂಟರ್ ಬೇಕು ಅಂತ ಬರುವವರು ಬಾಗಿಲಲ್ಲೇ ಕೇಳುತ್ತಾರೆ, ‘ಐ5 ಇದೆಯಾ?’ ಐ5 ಅಂದರೆ ಇಂಟೆಲ್ ಕಂಪನಿಯ ಒಂದು ಪ್ರೊಸೆಸರ್, ಕಂಪ್ಯೂಟರಿನ ಮಿದುಳು. ಏನು ಮಾಡ್ತೀರಿ ಸಾರ್ ಅದರಲ್ಲಿ ಅಂದರೆ, ಯೂಟ್ಯೂಬು, ಇಮೇಲು, ಬೆಸ್ಕಾಂ ಬಿಲ್ಲು, ಸೇವಾ ಸಿಂಧು ಅರ್ಜಿ. ಇಷ್ಟಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ, ಈಚಿನ ಐ3 ಧಾರಾಳವಾಗಿ ಸಾಕು.

ಐ5 ಅನ್ನೋದು ಬರೀ ಮನೆತನದ ಹೆಸರು. ವಯಸ್ಸು ಗೊತ್ತಾಗೋದು ಪಕ್ಕದ ನಂಬರಿನಲ್ಲಿ. ಐ5-2400 ಎರಡನೇ ಜನರೇಶನ್, ಅಂದರೆ ತಲೆಮಾರು, ಬಂದದ್ದು 2011ರಲ್ಲಿ; ಐ5-8500 ಎಂಟನೇದು, ಬಂದದ್ದು 2018ರಲ್ಲಿ. ಕಂಪನಿಗಳಿಂದ ವಾಪಸ್ ಬಂದ ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಎರಡೂ ಸಿಗುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು. ‘ವಿಂಡೋಸ್ 11 ಹಾಕಿದೀವಿ ಸಾರ್’ ಅನ್ನುವ ಮಾತೊಂದನ್ನೇ ನಂಬಬೇಡಿ. ವಿಂಡೋಸ್ ಮಾಡುವ ಈ ತಪಾಸಣೆ ತಪ್ಪಿಸಿ ಹಳೇ ಮಷೀನಿಗೂ ಅದನ್ನು ಹಾಕಬಹುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸಿಸ್ಟಮ್’ ಒತ್ತಿ, ಪ್ರೊಸೆಸರ್ ಸಾಲನ್ನು ನೀವೇ ಓದಿ. ಅಂಗಡಿಯವರು ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ಹೋಗಿ, ಇಲ್ಲಿ ಅಂಗಡಿಗೇನು ಬರವೇ?

ಮಲ್ಲೇಶ್ವರದ ರಿಟೈರ್ಡ್ ಟೀಚರೊಬ್ಬರು ಹೊಸದೇ ಬೇಕು ಅಂತ ಬಂದರು. ‘ಆನ್ ಮಾಡಿ ಕಾಫಿ ಕುಡಿದು ಬಂದರೂ ತಿರುಗ್ತಾನೇ ಇರುತ್ತಪ್ಪಾ.’ ಹಳೆಯದನ್ನು ತರಿಸಿ, ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ಸುಮ್ನೆ ಕೂತಿದೆ, ರ‍್ಯಾಮ್ ಅರ್ಧ ಖಾಲಿ, ಡಿಸ್ಕ್ ಮಾತ್ರ 100 ಪರ್ಸೆಂಟ್. ಒಳಗಿದ್ದದ್ದು ಗರಗರ ತಿರುಗುವ ಹಳೇ ಹಾರ್ಡ್ ಡಿಸ್ಕ್. ಪ್ರೊಸೆಸರ್ ಎಂಟನೇ ಜನರೇಶನ್ನೇ. ಅದರ ಬದಲು ತಿರುಗುವ ಭಾಗವೇ ಇಲ್ಲದ, ವೇಗದ ಡಿಸ್ಕ್ ಆದ 256 ಜಿಬಿ ಎಸ್‌ಎಸ್‌ಡಿ ಹಾಕಿ, ಧೂಳು ಹೊಡೆದು ಕೊಟ್ಟೆ. ಹೊಸ ಮಷೀನಿನ ವ್ಯಾಪಾರ ಕೈತಪ್ಪಿತು, ಆಮೇಲೆ ಅವರ ಬೀದಿಯವರೆಲ್ಲ ನಮ್ಮಲ್ಲಿಗೇ ಬಂದರು ಅನ್ನಿ.

ಹಾಗಾಗಿ ದುಡ್ಡು ಕಮ್ಮಿ ಇದ್ದರೆ ನಾನು ಹೇಳೋದು: ಎಸ್‌ಎಸ್‌ಡಿ ಬಿಡಬೇಡಿ, ರ‍್ಯಾಮ್ 8 ಜಿಬಿ ಇರಲಿ, ಗ್ರಾಫಿಕ್ಸ್ ಕಾರ್ಡ್ ಮರೆತುಬಿಡಿ. ಅಗ್ಗದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ 64 ಜಿಬಿ ಇಎಂಎಂಸಿ (ಡಿಸ್ಕಿನ ಬದಲು ಹಾಕುವ ಅಗ್ಗದ ಚಿಪ್) ಅಂತ ಬರೆದಿದ್ದರೆ ಕೈಹಾಕಬೇಡಿ. ಅದು ಬೋರ್ಡಿಗೇ ಬೆಸೆದಿರುತ್ತದೆ, ವಿಂಡೋಸ್ ಅಪ್‌ಡೇಟಿಗೇ ಜಾಗ ಸಾಲದೆ ಒದ್ದಾಡುತ್ತದೆ.

ಆಫೀಸಿನಿಂದ ಬಂದ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಸಲ ವೈಫೈ ಇರುವುದಿಲ್ಲ. ಕೇಳಿ, ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಹಾಕಿಸಿ. ಕರೆಂಟ್ ಹೋದಾಗ ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟಕ್ಕೆ ಸಣ್ಣ ಯುಪಿಎಸ್ ಸಾಕು. ಲೇಸರ್ ಪ್ರಿಂಟರ್ ಮಾತ್ರ ಅದಕ್ಕೆ ಸಿಕ್ಕಿಸಬೇಡಿ.