ಬೊಮ್ಮನಹಳ್ಳಿಯ ಪಿಎಫ್, ಅಮೆರಿಕದ ಜಾಬ್ ಟಾಕ್

ಅಮೆರಿಕದಲ್ಲಿ ಸೋಶಿಯಾಲಜಿ ಮೇಷ್ಟ್ರ ಕೆಲಸಕ್ಕೆ ವರ್ಷಕ್ಕೊಂದೇ ಸುಗ್ಗಿ. ಬೇಸಿಗೆ ಮುಗಿಯುವ ಹೊತ್ತಿಗೆ ಅಮೆರಿಕನ್ ಸೋಶಿಯಾಲಾಜಿಕಲ್ ಅಸೋಸಿಯೇಷನ್‌ನ ಜಾಬ್ ಬ್ಯಾಂಕ್‌ನಲ್ಲಿ ಜಾಹೀರಾತುಗಳು ಬರಲು ಶುರುವಾಗುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅರ್ಜಿ, ಚಳಿಗಾಲದಲ್ಲಿ ಇಂಟರ್‌ವ್ಯೂ. ಸಿಕ್ಕರೆ ಮುಂದಿನ ಆಗಸ್ಟ್‌ನಲ್ಲಿ ಪಾಠ ಶುರು, ಸಿಗದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಎಲ್ಲರಿಗೂ ಬೇಕಾದ್ದು ಟೆನ್ಯೂರ್ ಟ್ರ್ಯಾಕ್ ಕೆಲಸ. ಅಂದರೆ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರುತ್ತೀರಿ, ಸಾಮಾನ್ಯವಾಗಿ ಆರನೇ ವರ್ಷದಲ್ಲಿ ನಿಮ್ಮ ಸಂಶೋಧನೆ, ಪಾಠ ಎಲ್ಲವನ್ನೂ ನೋಡಿ ಕಾಯಂ ಮಾಡುತ್ತಾರೆ, ಇಲ್ಲವಾದರೆ ಬೇರೆ ದಾರಿ ನೋಡಿಕೊಳ್ಳಬೇಕು. ಒಂದೊಂದು ಹುದ್ದೆಗೂ ನೂರಾರು ಜನ ಅರ್ಜಿ ಹಾಕುತ್ತಾರೆ.

ನಾನು ಮೊದಲ ಸಲ ಅರ್ಜಿ ಹಾಕಿದ್ದು 2019ರಲ್ಲಿ. ಕವರ್ ಲೆಟರ್, ಸಿವಿ, ಸಂಶೋಧನೆ ಬಗ್ಗೆ ಒಂದು ಬರಹ, ಪಾಠದ ಬಗ್ಗೆ ಇನ್ನೊಂದು, ಎಷ್ಟೋ ಕಡೆ ಡೈವರ್ಸಿಟಿ ಬಗ್ಗೆ ಮತ್ತೊಂದು, ಜೊತೆಗೆ ಮೂವರು ಪ್ರೊಫೆಸರ್‌ಗಳ ಶಿಫಾರಸು ಪತ್ರ. ಇದರ ಮೇಲೆ ವೀಸಾ ಚಿಂತೆ. ಎಫ್-1 ವೀಸಾದಲ್ಲಿ ಓದಿದವರಿಗೆ ಓದು ಮುಗಿದ ಮೇಲೆ ಕೆಲಸ ಮಾಡಲು 12 ತಿಂಗಳು ಕೊಡುತ್ತಾರೆ. ಕಂಪ್ಯೂಟರ್, ಎಂಜಿನಿಯರಿಂಗ್ ಓದಿದ ಗೆಳೆಯರಿಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತಿತ್ತು, ನನ್ನ ಡಿಗ್ರಿಗೆ ಅದಿರಲಿಲ್ಲ. ಆಮೇಲೆ ಬೇಕಾಗುವುದು ಎಚ್-1ಬಿ ಅನ್ನುವ ಕೆಲಸದ ವೀಸಾ, ಯೂನಿವರ್ಸಿಟಿ ಕೆಲಸಕ್ಕೆ ಅದರ ಲಾಟರಿ ಇಲ್ಲ ಅನ್ನುವುದೊಂದೇ ಸಮಾಧಾನ.

ಇವೆಲ್ಲ ಹೇಗೋ ಆಗುತ್ತವೆ. ನನಗೆ ನಿಜವಾಗಿ ಕಷ್ಟವಾದದ್ದು ಕವರ್ ಲೆಟರ್‌ನ ಮೊದಲ ಪ್ಯಾರಾ.

ನನ್ನ ಸಂಶೋಧನೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮೇಲೆ. 2016ರ ಏಪ್ರಿಲ್ 18 ಮತ್ತು 19 ನಿಮಗೆ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ಸುದ್ದಿ ತಿಳಿದ ಸಾವಿರಾರು ಹೆಣ್ಣುಮಕ್ಕಳು ಮಿಷನ್ ಬಿಟ್ಟು ಎದ್ದು ಬಂದರು. ಬೊಮ್ಮನಹಳ್ಳಿ ಹತ್ತಿರ ಹೊಸೂರು ರಸ್ತೆ ನಿಂತುಹೋಯಿತು, ಮಾರನೇ ದಿನ ತುಮಕೂರು ರಸ್ತೆ ಕೂಡ. ಯಾವ ದೊಡ್ಡ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಲಾಠಿ ಏಟು ಬಿತ್ತು, ಬಸ್ಸುಗಳಿಗೆ ಬೆಂಕಿ ಬಿತ್ತು. 19ರ ಸಂಜೆ ಹೊತ್ತಿಗೆ ಸರ್ಕಾರ ನಿಯಮ ವಾಪಸ್ ತಗೊಂಡಿತು. ತಿಂಗಳಿಗೆ ಏಳು ಸಾವಿರ ರೂಪಾಯಿ ಆಸುಪಾಸಿನ ಸಂಬಳದವರು ಇಡೀ ದೇಶದ ನಿಯಮವೊಂದನ್ನು ಎರಡೇ ದಿನದಲ್ಲಿ ಬದಲಾಯಿಸಿದ್ದು ಸಣ್ಣ ಮಾತಲ್ಲ ಅಲ್ವಾ? ನಾನು ಪಿಎಚ್‌ಡಿ ಮಾಡಿದ್ದು ಆ ಎರಡು ದಿನಗಳ ಹಿಂದೆ ಇದ್ದ ವರ್ಷಗಳ ಬಗ್ಗೆ. ಪಿಎಫ್ ಹಣ ಅವರಿಗೆ ಏನು, ಯಾವ ಸಾಲಕ್ಕೆ ಹೋಗುತ್ತೆ, ಯಾರ ಫೀಸಿಗೆ ಹೋಗುತ್ತೆ, ಅದಕ್ಕೋಸ್ಕರ ಕೆಲಸ ಬಿಟ್ಟು ಪಕ್ಕದ ಫ್ಯಾಕ್ಟರಿಗೆ ಸೇರುವುದು ಯಾಕೆ, ಇಂಥವು.

ಲೆಟರ್ ನೋಡಿದ ಹಿರಿಯರೆಲ್ಲ ಒಂದೇ ಮಾತು ಹೇಳಿದರು. ಮೊದಲ ಪ್ಯಾರಾದಲ್ಲಿ ಬೆಂಗಳೂರು ಬೇಡ, ಇಂಡಿಯಾನೂ ಬೇಡ. ದೊಡ್ಡ ಪ್ರಶ್ನೆಯಿಂದ ಶುರು ಮಾಡು, ಊರಿನ ಹೆಸರು ಎರಡನೇ ಪ್ಯಾರಾಕ್ಕೆ ಇರಲಿ, ಇಲ್ಲದಿದ್ದರೆ ಆಯ್ಕೆ ಮಾಡುವ ಸರ್ಚ್ ಕಮಿಟಿಯವರು ನಿನ್ನನ್ನು ಏರಿಯಾ ಸ್ಟಡೀಸ್ ಕಡೆ, ಅಂದರೆ ಒಂದು ದೇಶವನ್ನಷ್ಟೇ ಓದುವವರ ಕಡೆ, ತಳ್ಳಿಬಿಡುತ್ತಾರೆ. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು, ಅವರ ಅನುಭವವೂ ಸುಳ್ಳಲ್ಲ. ಆದರೂ ನನಗೆ ಒಪ್ಪಿಗೆ ಆಗಲಿಲ್ಲ. 1920ರ ದಶಕದಲ್ಲಿ ಶಿಕಾಗೊ ಯೂನಿವರ್ಸಿಟಿಯ ಸೋಶಿಯಾಲಜಿ ಮೇಷ್ಟ್ರುಗಳಾದ ರಾಬರ್ಟ್ ಪಾರ್ಕ್, ಅರ್ನೆಸ್ಟ್ ಬರ್ಜೆಸ್ ಮತ್ತು ಅವರ ಶಿಷ್ಯರು ಹೆಚ್ಚಾಗಿ ಶಿಕಾಗೊ ಒಂದನ್ನೇ ನೋಡಿ ಬರೆದರು, ಅದು ನಗರಗಳ ಸಿದ್ಧಾಂತವಾಗಿ ಲೋಕದ ಕ್ಲಾಸ್‌ರೂಮುಗಳಿಗೆಲ್ಲ ಹೋಯಿತು. ಮೈಸೂರಿನ ಎಂ. ಎನ್. ಶ್ರೀನಿವಾಸ್ 1948ರಲ್ಲಿ ರಾಂಪುರದಲ್ಲಿ ಕೂತು ಹಳ್ಳಿಯ ಪ್ರಬಲ ಜಾತಿಯ ಬಗ್ಗೆ ಯೋಚಿಸಿದರೆ ಅದು ಭಾರತದ ವಿಷಯವಾಗಿಯೇ ಉಳಿಯುತ್ತದೆ. ಇದರ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆ ವರ್ಷ ಮಾತ್ರ ಅವರು ಹೇಳಿದಂತೆಯೇ ಬರೆದು ಕಳಿಸಿದೆ.

2020ರ ಫೆಬ್ರವರಿಯಲ್ಲಿ ಮಿಡ್‌ವೆಸ್ಟ್‌ನ ಒಂದು ಸರ್ಕಾರಿ ಯೂನಿವರ್ಸಿಟಿಯಿಂದ ಕ್ಯಾಂಪಸ್ ವಿಸಿಟ್‌ಗೆ ಕರೆ ಬಂತು. ಸ್ಕೈಪ್ ಇಂಟರ್‌ವ್ಯೂ ದಾಟಿದ ಎರಡು ಮೂರು ಜನರನ್ನಷ್ಟೇ ಹೀಗೆ ಕರೆಸುವುದು. ವಿಮಾನ, ಹೋಟೆಲ್ ಎಲ್ಲ ಅವರದೇ. ಬೆಳಗಿನ ತಿಂಡಿಯಿಂದ ರಾತ್ರಿ ಊಟದವರೆಗೆ ನಿಮ್ಮನ್ನು ಒಂದು ಕ್ಷಣವೂ ಒಂಟಿ ಬಿಡುವುದಿಲ್ಲ. ಅರ್ಧರ್ಧ ಗಂಟೆಗೊಬ್ಬ ಪ್ರೊಫೆಸರ್, ನಡುವೆ ಡೀನ್, ಮಧ್ಯಾಹ್ನ ಪಿಎಚ್‌ಡಿ ವಿದ್ಯಾರ್ಥಿಗಳ ಜೊತೆ ಊಟ, ಆಮೇಲೆ ಜಾಬ್ ಟಾಕ್. ನಿಮ್ಮ ಸಂಶೋಧನೆ ಬಗ್ಗೆ ಇಡೀ ವಿಭಾಗದ ಮುಂದೆ ಮುಕ್ಕಾಲು ಗಂಟೆ ಮಾತು, ನಂತರ ಪ್ರಶ್ನೆಗಳು.

ಆ ದಿನ ನನಗೆ ಮರೆಯಲಾಗದ್ದು ಮಧ್ಯಾಹ್ನದ ಊಟ. ವಿದ್ಯಾರ್ಥಿಗಳು ಪಿಜ್ಜಾ ತರಿಸಿದ್ದರು. ಇಲ್ಲಿ ಮನೆ ಬಾಡಿಗೆ ಎಷ್ಟು, ಪಾಠದ ಹೊರೆ ಎಷ್ಟು ಅಂತೆಲ್ಲ ಮಾತಾಯಿತು. ಆಮೇಲೆ ಒಬ್ಬ ಹುಡುಗಿ ಪಿಎಫ್ ಬಗ್ಗೆ ಕೇಳಿದಳು. ಸುಮ್ನೆ ಮರ್ಯಾದೆಗೆ ಕೇಳಿದ್ದಲ್ಲ, ಒಂದಾದ ಮೇಲೊಂದು ಕೇಳಿದಳು. ಎಷ್ಟು ಕಡಿತ, ಯಾರು ಯಾವಾಗ ತೆಗೆಯಬಹುದು, ಕೆಲಸ ಬಿಟ್ಟರೆ ಏನಾಗುತ್ತೆ. ನಾನು ಹೇಳುತ್ತಾ ಹೋದೆ. ಕೊನೆಗೆ ಅವಳು, ನಮ್ಮಮ್ಮನೂ ಇದನ್ನೇ ಮಾಡಿದ್ದು ಅಂದಳು. ಅವಳ ತಾಯಿ ಕೋಳಿ ಮಾಂಸ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿದ್ದವರು. ಅಲ್ಲಿ ಕೆಲಸ ಬಿಟ್ಟಾಗ 401(ಕೆ) ಖಾತೆಯ ನಿವೃತ್ತಿ ಹಣವನ್ನೆಲ್ಲ ತೆಗೆದು ಆಸ್ಪತ್ರೆ ಬಿಲ್ ಕಟ್ಟಿದ್ದರಂತೆ. ಐವತ್ತೊಂಬತ್ತೂವರೆ ವರ್ಷಕ್ಕೆ ಮೊದಲು ತೆಗೆದರೆ ತೆರಿಗೆಯ ಜೊತೆಗೆ ತೆಗೆದ ಹಣದ ಶೇ. 10 ದಂಡ, ಕೆಲವು ವಿನಾಯಿತಿ ಬಿಟ್ಟರೆ. ಅವರು ದಂಡ ಕಟ್ಟಿಯೇ ತೆಗೆದರು. ಬ್ಯಾಂಕಿನಲ್ಲಿ ಸಿಗದ ಸಾಲ, ಅವರದೇ ದುಡ್ಡಿನಲ್ಲಿ. ಬೊಮ್ಮನಹಳ್ಳಿಯಲ್ಲಿ ನನಗೆ ಹೆಂಗಸರು ಹೇಳಿದ್ದು ಹೆಚ್ಚು ಕಡಿಮೆ ಇದೇ. ಇದನ್ನು ನನ್ನ ಟಾಕ್‌ನಲ್ಲಿ ಹೇಳಬಹುದಾ ಅಂತ ಕೇಳಿದೆ. ಹೇಳಿ, ನನ್ನ ಹೆಸರು ಮಾತ್ರ ಬೇಡ ಅಂದಳು.

ಟಾಕ್ ಮುಗಿಯಿತು. ಮೊದಲ ಸಾಲಿನಲ್ಲಿದ್ದ ಹಿರಿಯ ಪ್ರೊಫೆಸರ್ ಕೈ ಎತ್ತಿದರು. ನಾನು ಕಾಯುತ್ತಿದ್ದ ಪ್ರಶ್ನೆಯೇ. "ವಾಟ್ ಈಸ್ ದಿಸ್ ಎ ಕೇಸ್ ಆಫ್?" ಇಂಡಿಯಾ ಬಿಟ್ಟು ನೋಡಿದರೆ ಇದು ಏನನ್ನು ತಿಳಿಸುತ್ತೆ ಅಂತ.

ಪ್ರಶ್ನೆ ಕೆಟ್ಟದ್ದಲ್ಲ. ಯಾವ ಸಂಶೋಧಕರೂ ಉತ್ತರಿಸಬೇಕಾದ ಪ್ರಶ್ನೆ. ಆದರೆ ಫಿಲಡೆಲ್ಫಿಯಾ ಮೇಲೆ ಕೆಲಸ ಮಾಡಿದವರಿಗೆ, ಅಮೆರಿಕ ಬಿಟ್ಟರೆ ಇದರಿಂದ ಏನು ಗೊತ್ತಾಗುತ್ತೆ ಅಂತ ಕೇಳಿದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಎಲ್ಲರಿಗೂ ಕೇಳಲಿ, ಆಗ ನ್ಯಾಯ.

ನಾನು ಹೇಳಿದ್ದು ಇಷ್ಟು. ಬೆಂಗಳೂರಿನಲ್ಲಿ 58, ಇಲ್ಲಿ ಐವತ್ತೊಂಬತ್ತೂವರೆ. ಎರಡೂ ಕಡೆ ನಿಯಮ ಬರೆದವರು ಒಬ್ಬ ಕೆಲಸಗಾರರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ಆ ವಯಸ್ಸಿನವರೆಗೆ ದೇಹ ಕೆಲಸಕ್ಕೆ ಬರುತ್ತೆ, ಕೆಲಸವೂ ಇರುತ್ತೆ, ನಡುವೆ ಮನೆಗೆ ಏನೂ ಆಗಲ್ಲ ಅನ್ನುವಂಥವರನ್ನು. ನಾನು ಮಾತಾಡಿಸಿದ ಹೆಂಗಸರಲ್ಲಿ ಹೆಚ್ಚಿನವರು ನಲವತ್ತೈದು ದಾಟಿಯೂ ಲೈನ್‌ನಲ್ಲಿ ಕೂರುತ್ತೇವೆ ಅಂತ ನಂಬಿರಲಿಲ್ಲ, ಯಾಕೆಂದರೆ ಹಾಗೆ ಕೂತವರನ್ನು ಅವರು ನೋಡಿರಲಿಲ್ಲ. ಅವರ ಮುಪ್ಪು ಬೇಗ ಬರುತ್ತದೆ, ಹಣ ಮಾತ್ರ ಬೇರೆಯವರ ಮುಪ್ಪಿನ ಲೆಕ್ಕಕ್ಕೆ ಕಾಯುತ್ತದೆ. ಬಡವರ ಉಳಿತಾಯ ಯಾವಾಗ ಅವರದ್ದಾಗುತ್ತೆ ಅಂತ ಯಾರು ತೀರ್ಮಾನಿಸುತ್ತಾರೆ, ಇದು ಅದರ ಕೇಸ್. ಇದನ್ನು ಅತಿ ಸ್ಪಷ್ಟವಾಗಿ ಕೇಳಿದ್ದು ಬೆಂಗಳೂರಿನ ಹೆಂಗಸರು, ಅದಕ್ಕೇ ಇದನ್ನು ಅರ್ಥ ಮಾಡಿಕೊಳ್ಳಲು ಬೆಂಗಳೂರಿಗೇ ಹೋಗಬೇಕು. ಆಮೇಲೆ ಕೋಳಿ ಕಾರ್ಖಾನೆಯ ತಾಯಿಯ ಮಾತು ಹೇಳಿದೆ. ಪ್ರೊಫೆಸರ್ ಬರೆದುಕೊಂಡರು. ಅಲ್ಲಿಂದ ಪ್ರಶ್ನೆಗಳ ದಾರಿಯೇ ಬದಲಾಯಿತು. ಇಂಡಿಯಾದ ಬಗ್ಗೆ ಕೇಳುವುದು ಬಿಟ್ಟು ಹಣದ ಬಗ್ಗೆ, ವಯಸ್ಸಿನ ಬಗ್ಗೆ ಕೇಳಿದರು.

ಆ ಹುದ್ದೆ ಯಾರಿಗೂ ಸಿಗಲಿಲ್ಲ. ಮಾರ್ಚ್‌ನಲ್ಲಿ ಕೋವಿಡ್ ಬಂತು, ಯೂನಿವರ್ಸಿಟಿ ನೇಮಕಾತಿ ನಿಲ್ಲಿಸಿತು. ವಿಭಾಗದ ಮುಖ್ಯಸ್ಥರು ಫೋನ್ ಮಾಡಿ ಹೇಳಿದರು, ಅವರ ದನಿಯಲ್ಲೂ ಬೇಸರ ಇತ್ತು. ಆ ವಸಂತದಲ್ಲಿ ಎಷ್ಟೋ ಕಡೆ ಹೀಗೇ ಆಯಿತು. ನಾನು ಒಂದು ಸಣ್ಣ ಕಾಲೇಜಿನಲ್ಲಿ ವಿಸಿಟಿಂಗ್, ಅಂದರೆ ತಾತ್ಕಾಲಿಕ ಕೆಲಸ ಹಿಡಿದೆ, ವೀಸಾ ಉಳಿಯಿತು.

ಮುಂದಿನ ಸುತ್ತಿಗೆ ಲೆಟರ್ ಹೊಸದಾಗಿ ಬರೆದೆ. ಮೊದಲ ವಾಕ್ಯದಲ್ಲೇ ಬೊಮ್ಮನಹಳ್ಳಿ, ಮೊದಲ ಪ್ಯಾರಾದಲ್ಲೇ ಎರಡು ವಯಸ್ಸುಗಳು. ಈಗ ಇರುವ ಟೆನ್ಯೂರ್ ಟ್ರ್ಯಾಕ್ ಕೆಲಸ ಆ ಲೆಟರ್‌ಗೆ ಸಿಕ್ಕಿದ್ದು. ಲೆಟರ್‌ನಿಂದಲೇ ಸಿಕ್ಕಿತು ಅಂತ ಹೇಳಲಾರೆ, ಆ ವರ್ಷ ಕೆಲಸ ಸಿಗದ ನನಗಿಂತ ಚೆನ್ನಾಗಿ ಬರೆಯುವವರು ನನಗೆ ಗೊತ್ತು.

ಕರ್ನಾಟಕದಿಂದ ಬಂದು ಇಲ್ಲಿ ಪಿಎಚ್‌ಡಿ ಮಾಡುತ್ತಿರುವವರು ಈಗ ನನಗೆ ತಮ್ಮ ಲೆಟರ್ ಕಳಿಸುತ್ತಾರೆ. ಮೊದಲ ಪ್ಯಾರಾದಲ್ಲಿ ಊರು ಕಾಣದಿದ್ದರೆ ಎಲ್ಲಿ ಅಂತ ಕೇಳುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಹೊರೆಯ ಆದೇಶ ಬಂದ ಮೇಲೆ ಅವರ ಭಯ ನಮ್ಮ ಕಾಲಕ್ಕಿಂತ ಜಾಸ್ತಿ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಲೆಟರ್ ಓದುವುದು ನನ್ನ ಕೈಲಿದೆ. ಅಕ್ಟೋಬರ್‌ನಲ್ಲಿ ಕೊನೆಯ ದಿನಾಂಕ ಇದ್ದರೆ ಆಗಸ್ಟ್‌ನಲ್ಲೇ ಕಳಿಸಿ, ಎರಡು ಸಲ ಓದಿ ಕೊಡುತ್ತೇನೆ.